ಗುರಲಿಂಗಪ್ಪನ ಐದು ಮಂದಿ ಮುತ್ತೈದೆಯರು

ಮುಂಬೈ ಕಂಪನಿಗೆ ಸಣ್ಣ ಹೊಲಿಗೆ ಬೇಕಿತ್ತು, ಸಣ್ಣ ಕೈ ಬೇಡವಾಗಿತ್ತು. ಮೊಸರು ಬೇಕು, ಎಮ್ಮೆ ಬೇಡ ಎನ್ನುವವರ ಜೊತೆ ವ್ಯಾಪಾರ ಮಾಡುವುದು ಹೇಗೆ? ಗುರಲಿಂಗಪ್ಪ ಕಂಪನಿಯ ಕಾಗದವನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಕತ್ತರಿ ಕುಕ್ಕಿದ.

ಸಿಂದಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನ ಹೊಲಿಗೆ ಅಂಗಡಿ. ಮುಂದೆ ಕಟ್ಟೆ, ಕಟ್ಟೆಗೆ ಹೊಂದಿ ಎರಡು ಹೊಲಿಗೆ ಯಂತ್ರ, ಹಿಂದೆ ಉದ್ದನೆಯ ಪಡಸಾಲೆ. ಬಾಗಿಲ ಮೇಲೆ ವಿಜಾಪುರದ ಪೇಂಟರನಿಂದ ಬರೆಸಿದ ಹಲಗೆ. ನೀಲಿ ಬಣ್ಣದ ಮೇಲೆ ಹಳದಿ ಅಕ್ಷರಗಳಲ್ಲಿ ‘ಗುರಲಿಂಗಪ್ಪ ಟೇಲರ್ಸ್’. ಅಂಗಡಿಗಿಂತ ಅಕ್ಷರಗಳೇ ದೊಡ್ಡವು ಎಂದು ಓಣಿಯವರು ನಗುತ್ತಿದ್ದರು. ಅವನಿಗೆ ಅದು ಹೊಗಳಿಕೆಯಂತೆ ಕೇಳಿಸುತ್ತಿತ್ತು. ಕಾಗದ ತಂದ ಹೊಸ ಅಂಚೆಯವನು ಮನೆಯವರ ಹೆಸರೇನು ಎಂದು ಕೇಳಿದಾಗ ಹೆಂಡತಿ ಶಂಕ್ರೆವ್ವ ಎಂದಿನಂತೆ ತಲೆಯ ಮೇಲಿನ ಹಲಗೆಗೆ ಬೆರಳು ಮಾಡಿದ್ದಳು. ಹಲಗೆಗೆ ಹಾಕಿದ ದುಡ್ಡು ವ್ಯರ್ಥವಾಗಲಿಲ್ಲ ಎಂದು ಅವನು ಒಳಗೇ ಹಿಗ್ಗಿದ್ದ.

ಪಡಸಾಲೆಯಲ್ಲಿ ಕನ್ನೊಳ್ಳಿಯಿಂದ ಬರುವ ಐದು ಹುಡುಗಿಯರು ಖಣದ ಕುಪ್ಪಸಗಳಿಗೆ ಕಸೂತಿ ಹಾಕುತ್ತಿದ್ದರು. ತೋಳಿಗೆ ಗೋಪುರ, ಬೆನ್ನಿಗೆ ಅಂಬಾರಿ, ಅಂಚಿಗೆ ತುಳಸಿಕಟ್ಟೆ. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಇಳಿಸಬೇಕು, ಒಳಮೈ ಹೊರಮೈ ಎರಡೂ ಒಂದೇ ಥರ ಕಾಣಬೇಕು. ಕುಪ್ಪಸಗಳು ಮುಂಬೈಗೆ ಹೋಗಿ, ಅಲ್ಲಿಂದ ಹಡಗು ಹತ್ತಿ, ವಿಲಾಯತಿಯ ಫ್ಯಾಶನ್ ಅಂಗಡಿಗಳನ್ನು ಸೇರುತ್ತಿದ್ದವು. ಅಲ್ಲಿಯ ಉದ್ದನೆಯ ಹೆಣ್ಣುಮಕ್ಕಳು ಅವನ್ನು ಪ್ಯಾಂಟಿನ ಮೇಲೆ ತೊಡುತ್ತಿದ್ದರು. ಕಂಪನಿ ಕಳಿಸಿದ ಫೋಟೊ ನೋಡಿ ಶಂಕ್ರೆವ್ವ, “ಪಾಪ, ಸೀರಿ ಎಲ್ಲಿ ಕಳಕೊಂಡ್ಲೋ,” ಅಂದಿದ್ದಳು.

ಈಗ ಆ ಫ್ಯಾಶನ್ ಊರುಗಳಲ್ಲಿ ಹೊಸ ಜಗಳ ಹುಟ್ಟಿತ್ತು. ಬಟ್ಟೆಯ ಕೆಲಸಕ್ಕೆ ಎಷ್ಟು ವಯಸ್ಸಿನ ಕೈ ಬರಬಹುದು ಎಂದು ಅಲ್ಲಿಯ ಪತ್ರಿಕೆಗಳು ವಾದ ಹೂಡಿದ್ದವು. ಹನ್ನೆರಡು ಸಾಕೆಂದು ಕೆಲವರು, ಹದಿನೈದಾದರೂ ಇರಲಿ ಎಂದು ಕೆಲವರು. ವಾದ ಮುಗಿಯುವ ತನಕ ಹದಿನಾಲ್ಕಕ್ಕಿಂತ ಸಣ್ಣವರು ಸೂಜಿ ಮುಟ್ಟಬಾರದು ಎಂದು ಕಂಪನಿ ನಡುವಿನ ದಾರಿ ಹಿಡಿದಿತ್ತು. ತಪಾಸಣೆಗೆ ಒಬ್ಬ ಮೇಡಂ ಬರುತ್ತಾರೆ. ಒಂದು ಮಗು ಕಂಡರೂ ಕೆಲಸವೆಲ್ಲ ಇಂಡಿ ಊರಿನ ಕಸೂತಿ ವ್ಯಾಪಾರಿ ಮಲಿಕಸಾಬನ ಪಾಲಾಗುತ್ತದೆ.

ಚುಚ್ಚಿದ್ದು ಆ ಕೊನೆಯ ಮಾತು. ಮಲಿಕಸಾಬನ ಬಳಿ ಇದ್ದವರು ವಯಸ್ಸಾದ ವಿಧವೆಯರು. ಅವರು ಒಂದು ಅಂಬಾರಿ ಮುಗಿಸುವಷ್ಟರಲ್ಲಿ ಗುರಲಿಂಗಪ್ಪನ ಹುಡುಗಿಯರು ಮೆರವಣಿಗೆಯನ್ನೇ ಹೊರಡಿಸುತ್ತಿದ್ದರು. ನಿಧಾನಕ್ಕೆ ಬಹುಮಾನ, ಚುರುಕಿಗೆ ಶಿಕ್ಷೆ!

ಅಂಗಿಯ ಅಳತೆ ಕೊಡಲು ಬಂದಿದ್ದ ಸಾಲೆಯ ಸಿದ್ರಾಮ ಮಾಸ್ತರರ ಮುಂದೆ ಅವನು ತನ್ನ ಮೊಕದ್ದಮೆ ಮಂಡಿಸಿದ.

“ಹದಿನಾಲ್ಕು ಅಂತ ಎಲ್ಲಿಂದ ತಂದ್ರು ಮಾಸ್ತರ? ನಾ ಸೂಜಿ ಹಿಡದಾಗ ನನಗ ಒಂಬತ್ತು.”

“ಅದಕ್ಕ ಈಗೂ ಎಡಗಡಿ ತೋಳು ಬಲಗಡಿ ಹಚ್ಚತಿ.”

“ಚಾಷ್ಟಿ ಬಿಡ್ರಿ. ಹೊಲದಾಗ ಕಳೆ ತಗೀವಾಗ ಯಾರೂ ವಯಸ್ಸು ಕೇಳೂದಿಲ್ಲ. ಎಮ್ಮಿ ಕಾಯೂವಾಗ ಕೇಳೂದಿಲ್ಲ. ನೆರಳಾಗ ಕುಂತು ಸೂಜಿ ಹಿಡದ್ರ ಮಾತ್ರ ವಿಲಾಯತಿ ಮಂದೀಗಿ ಕಣ್ಣೀರು ಬರತಾವ.”

“ಖರೇ ಐತಿ,” ಎಂದರು ಮಾಸ್ತರು, ತೋಳು ಚಾಚಿ ಅಳತೆ ಕೊಡುತ್ತ. “ಆದ್ರ ಅದಕ್ಕ ಉತ್ತರ ಹೊಲದಾಗೂ ಕೇಳಬೇಕು ಅನ್ನೂದು. ಇಲ್ಲಿ ಕೇಳಬಾರದು ಅನ್ನೂದಲ್ಲ.”

“ಹದಿನಾಲ್ಕು ದಾಟಿದ್ರ ಬೆರಳು ದಪ್ಪ ಆಗ್ತಾವ್ರಿ.”

“ಹಂಗಾರ ಬೆರಳಷ್ಟ ನೌಕರಿಗಿ ಇಟ್ಕೊ. ಹುಡುಗೀನ ಸಾಲಿಗಿ ಕಳಸು.”

ಒಳಬಾಗಿಲಲ್ಲಿ ನಿಂತಿದ್ದ ಶಂಕ್ರೆವ್ವ ಬಾಯಿ ಹಾಕಿದಳು. ಅವಳು ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದವಳು. ಬೆಲ್ಲ ಕಟ್ಟಿ ಬಂದ ಕಾಗದವನ್ನೂ ಓದದೆ ಎಸೆಯುತ್ತಿರಲಿಲ್ಲ. “ಆ ಗುಂಡವ್ವನ್ನರ ಮುಂಜಾನಿ ಹೊತ್ತು ಸಾಲಿಗಿ ಬಿಡ್ರಿ. ಮೂರನೇತ್ತೆ ಅರ್ಧಕ್ಕ ಬಿಟ್ಟಾಳ. ಮಗ್ಗಿ ಅಂದ್ರ ಜೀವಾ ಬಿಡತಾಳ.”

“ನಿನ್ನ ಯಾರ ಕೇಳ್ಯಾರ?” ಎಂದ ಗುರಲಿಂಗಪ್ಪ.

ಅವಳು ಒಳಗೆ ಹೋದಳು. ವಾದದಲ್ಲಿ ಗೆದ್ದವರು ಯಾರೆಂಬುದರ ಬಗ್ಗೆ ಅವನಿಗೆ ಸಂಶಯವಿರಲಿಲ್ಲ.

ದಾರಿ ತೋರಿಸಿದವಳು ಗುಂಡವ್ವನೇ. ಮರುದಿನ ಮಧ್ಯಾಹ್ನ ಅವನು ಊಟ ಮುಗಿಸಿ ಬಂದಾಗ ಕಟ್ಟೆಯ ಮೇಲೆ ಯಾರೋ ಹೆಂಗಸು ತಲೆಯ ಮೇಲೆ ಸೆರಗು ಹೊದ್ದು ಬೆನ್ನು ತಿರುಗಿಸಿ ಕುಳಿತಿದ್ದಳು. “ಏನ ಹೊಲಿಸಬೇಕಾಗಿತ್ರಿ, ಅಕ್ಕಾರ?” ಎಂದು ವಿನಯದಿಂದ ಕೇಳಿದ. ಸೆರಗಿನೊಳಗಿನಿಂದ ಕಿಸಕ್ಕನೆ ನಗೆ ಬಂತು. ಗಿರಾಕಿಯೊಬ್ಬಳು ಕೊಟ್ಟುಹೋಗಿದ್ದ ಇಳಕಲ್ ಸೀರೆಯನ್ನು ಸುತ್ತಿಕೊಂಡು ಹನ್ನೊಂದು ವರ್ಷದ ಗುಂಡವ್ವ ಆಟ ಹೂಡಿದ್ದಳು. ಬೇರೆ ದಿನವಾಗಿದ್ದರೆ ಕಿವಿ ಹಿಂಡಿಸಿಕೊಳ್ಳುತ್ತಿದ್ದಳು. ಆ ದಿನ ಅವನು ಅವಳನ್ನು ಅಡಿಯಿಂದ ಮುಡಿಯವರೆಗೆ, ಬಟ್ಟೆ ಕತ್ತರಿಸುವ ಮೊದಲು ನೋಡುವಂತೆ ನೋಡಿದ.

ಸುಳ್ಳು ದಾಖಲೆ ಮಾಡಿಸುವುದು ಹೆಡ್ಡರ ಕೆಲಸ. ಕಾಗದವನ್ನು ಯಾರೂ ನಂಬುವುದಿಲ್ಲ. ಮೇಡಂ ಅಂತೂ ನಂಬುವುದಿಲ್ಲ. ಆದರೆ ಈ ಸೀಮೆಯಲ್ಲಿ ಹೆಣ್ಣಿನ ವಯಸ್ಸು ಇರುವುದು ಕಾಗದದಲ್ಲಲ್ಲ, ಉಡುಗೆಯಲ್ಲಿ. ಪರಕಾರ ತೊಟ್ಟರೆ ಹುಡುಗಿ, ಸೀರೆ ಉಟ್ಟರೆ ಹೆಂಗಸು. ಕೊರಳಲ್ಲಿ ತಾಳಿ ಕಂಡರೆ ಹಲ್ಲು ಎಣಿಸುವವರು ಯಾರು? ವಯಸ್ಸನ್ನು ಹೊಲಿಯಬಹುದು ಎಂದು ಹೊಳೆದ ಕ್ಷಣದಲ್ಲಿ ಅವನಿಗೆ ತನ್ನ ಕಸುಬಿನ ಮೇಲೆ ಹೊಸ ಗೌರವ ಬಂತು.

ತಯಾರಿ ಅಚ್ಚುಕಟ್ಟಾಗಿ ನಡೆಯಿತು. ಕರಿಮಣಿ, ಗಿಲೀಟಿನ ತಾಳಿ, ಕಾಲುಂಗುರಗಳನ್ನು ಸಿಂದಗಿಯಲ್ಲಿ ಕೊಂಡರೆ ಓಣಿಗೆ ವಾಸನೆ ಹತ್ತುತ್ತದೆಂದು ಬಸವನ ಬಾಗೇವಾಡಿಯ ಸಂತೆಗೆ ಹೋಗಿ ತಂದ. “ಐದು ಮಂದಿ ಮಕ್ಕಳ ಲಗ್ನ ಒಮ್ಮೆಗೇ ಏನ್ರಿ?” ಎಂದು ಬಳೆಗಾರ ಕೇಳಿದ್ದಕ್ಕೆ, “ಸಾಮೂಹಿಕ,” ಎಂದ. ಅದು ಸುಳ್ಳೂ ಅಲ್ಲ. ಕಾಲುಂಗುರ ಸಡಿಲಾಗಿದ್ದವು, ಒಳಗೆ ದಾರ ಸುತ್ತಿಸಿದ. ಎತ್ತರ ಸಾಲದ್ದಕ್ಕೆ ಕೌದಿ ಮಡಿಚಿ ಹಾಕಿ ಮೇಲೆ ಕೂರಿಸುವುದು. ಒಬ್ಬಳಿಗೆ ಮುಂದಿನ ಹಲ್ಲು ಬಿದ್ದು ಹೊಸದು ಮೊಳೆಯುತ್ತಿತ್ತು. ಅವಳ ಬಾಯಿಗೆ ಎಲೆ ಅಡಿಕೆ. ಬಾಯಿಯೂ ಮುಚ್ಚಿತು, ತುಟಿಯೂ ಕೆಂಪಾಯಿತು.

ಎಳೆಯ ವಯಸ್ಸಿನಲ್ಲೇ ಮದುವೆಯಾದವರಿರಬಹುದು ಎಂದು ಮೇಡಂ ಸಂಶಯ ಪಟ್ಟರೆ? ಅದಕ್ಕೂ ಮದ್ದು ಸಿದ್ಧವಿತ್ತು. ಕನ್ನೊಳ್ಳಿಯ ಎರಡು ಮನೆಗಳಿಂದ ಎರಡು ಹಸುಗೂಸುಗಳನ್ನು ಅರ್ಧ ದಿನದ ಮಟ್ಟಿಗೆ ಕೇಳಿದ. ಪಡಸಾಲೆಯ ತೊಲೆಗೆ ತೊಟ್ಟಿಲು ತೂಗಿಬಿಟ್ಟರೆ ಮುಂದೆ ಮಾತೇ ಇಲ್ಲ. ಕೂಸುಗಳನ್ನು ಹುಡುಗಿಯರು ಹೇಗೆ ಸಂಭಾಳಿಸುತ್ತಾರೋ ಎಂಬುದೊಂದೇ ಅಂಜಿಕೆಯಿತ್ತು. ಅದು ಕೂಸುಗಳು ಬಂದ ಗಳಿಗೆಯಲ್ಲೇ ಹೋಯಿತು. ನಡೆಯಲು ಕಲಿತ ಮೇಲೆ ತಮ್ಮ ತಂಗಿಯರನ್ನು ಸೊಂಟದಿಂದ ಇಳಿಸದೆ ಬೆಳೆದವರು ಅವರು. ಹೆತ್ತವರಿಗಿಂತ ಚೆನ್ನಾಗಿ ತೂಗಿದರು.

ಗಂಡಂದಿರು ಎಲ್ಲಿ ಎಂದರೆ ಆಲಮಟ್ಟಿಯ ಅಣೆಕಟ್ಟಿನ ಕೆಲಸಕ್ಕೆ ಹೋಗಿದ್ದಾರೆ. ಅರ್ಧ ಜಿಲ್ಲೆ ಅಲ್ಲಿಗೆ ಹೋಗಿತ್ತು, ಕರೆಸಿ ಕೇಳುವವರಿರಲಿಲ್ಲ. ಹೆಸರುಗಳನ್ನೂ ಅವನೇ ಆರಿಸಿ ಹಂಚಿದ. ಗುಂಡವ್ವನಿಗೆ ಒಳ್ಳೆಯ ಹೆಸರೇ ಬಂತು, ಅಮೋಘಸಿದ್ಧ.

ಪಾಠ ಶುರುವಾಯಿತು. ಊರು ಯಾವುದು, ಗಂಡನ ಹೆಸರೇನು, ಎಲ್ಲಿ ದುಡಿಯುತ್ತಾನೆ, ಮಕ್ಕಳೆಷ್ಟು. ಮೊದಲ ಸಲ ಎಲ್ಲರೂ ಸೆರಗು ಬಾಯಿಗಿಟ್ಟು ನಕ್ಕು ಒಬ್ಬರ ಬೆನ್ನಿಗೊಬ್ಬರು ಅಡಗಿದರು. ಗುರಲಿಂಗಪ್ಪ ಗಜಕಡ್ಡಿಯಿಂದ ಮೇಜು ಕುಟ್ಟಿದ. “ಮೇಡಂ ಮುಂದ ಹಿಂಗ ಹಲ್ಲ ಕಿಸದ್ರ ನಿಮ್ಮ ಕೆಲಸಾನೂ ಹೋತು, ನನ್ನ ಅಂಗಡೀನೂ ಹೋತು. ಸಾಲ್ಯಾಗ ಹಾಜರಿ ಹೇಳತಾರಲ್ಲ, ಹಂಗ ಹೇಳಬೇಕು. ತಡವರಸಬಾರದು, ನಾಚಬಾರದು.”

ಸಾಲೆ ಎಂದದ್ದೇ ತಡ, ಗುಂಡವ್ವ ಎದ್ದು ನಿಂತಳು. ಅವಳು ಒಮ್ಮೆ ಹೇಳಿದರೆ ಉಳಿದವರಿಗೂ ಧೈರ್ಯ. ಎರಡು ದಿನದಲ್ಲಿ ಮಗ್ಗಿ ಹೇಳುವ ರಾಗಕ್ಕೆ ಐವರೂ ಹತ್ತಿದರು.

ಸೀರೆ ಉಡಿಸುವ ಕೆಲಸ ಶಂಕ್ರೆವ್ವನದು. ನಿರಿಗೆ ಹಿಡಿಯುತ್ತ ಅವಳು ಪಾಠವನ್ನು ಕೇಳಿಸಿಕೊಂಡಳು. ಮೊದಲು ಹುಬ್ಬು ಮೇಲೇರಿತು, ಆಮೇಲೆ ತುಟಿಯ ಮೂಲೆ. “ಒಂದ ಮಾತ ಹೇಳ್ಲೇನು?”

“ನಿನ್ನ ಯಾರ ಕೇಳ್ಯಾರ?”

ಅವಳು ಮತ್ತೆ ಕೇಳಲಿಲ್ಲ. ಗುಂಡವ್ವನ ಸೆರಗು ಸರಿಪಡಿಸಿ, ತಲೆ ಸವರಿ, “ಗಟ್ಟಿ ಹೇಳವಾ, ಹಿಂದ ಕುಂತವರಿಗೂ ಕೇಳಬೇಕು,” ಅಂದಳು. ಹೆಂಡತಿ ಕೊನೆಗೂ ದಾರಿಗೆ ಬಂದಳೆಂದು ಗುರಲಿಂಗಪ್ಪನಿಗೆ ಸಮಾಧಾನವಾಯಿತು.

ಬೇಲಿಗೆ ಒಂದು ನಿಜವಾದ ಗೂಟವೂ ಇರಲೆಂದು ಪಕ್ಕದ ಓಣಿಯ ಸುಂದರವ್ವನನ್ನು ಕರೆಸಿ ಬಾಗಿಲ ಬಳಿ ಕೂರಿಸಿದ. ನಲವತ್ತು ದಾಟಿದ, ಗಂಡ ಮಕ್ಕಳಿರುವ, ಸಂಶಯಕ್ಕೆ ಎಡೆಯೇ ಇಲ್ಲದ ಹೆಂಗಸು. ಅವಳಿಗೆ ಪಾಠ ಬೇಕಿರಲಿಲ್ಲ. ಅಪ್ಪಟ ಮಾಲಿಗೆ ಇಸ್ತ್ರಿ ಯಾಕೆ?

ಮೇಡಂ ಇಂಡಿ ಕಡೆಯ ಬಸ್ಸಿನಲ್ಲಿ ಬಂದಿಳಿದರು. ಹೆಸರು ಸಗೀರಾ. ಬಾಬ್ ಕಟ್ ಕೂದಲು, ದಪ್ಪ ಕನ್ನಡಕ, ಧೂಳು ತುಂಬಿದ ಚಪ್ಪಲಿ. ಗುರಲಿಂಗಪ್ಪ ತನ್ನ ಹಿಂದಿಯನ್ನು ಉಜ್ಜಿ ಇಟ್ಟುಕೊಂಡಿದ್ದ. “ಆಯಿಯೇ ಜೀ,” ಎನ್ನುವಷ್ಟರಲ್ಲಿ ಆಕೆ ಕಟ್ಟೆಯ ಮೇಲೆ ಕುಳಿತು, “ಯವ್ವಾ, ಬಸ್ಸಿನ್ಯಾಗ ಕುಂತು ಕುಂತು ಸೊಂಟನ ಹೋತ್ರಿ,” ಎಂದರು.

ನಮಸ್ಕಾರಕ್ಕೆ ಎತ್ತಿದ ಅವನ ಕೈ ಅರ್ಧಕ್ಕೇ ನಿಂತಿತು.

“ನಮ್ಮ ಅಮ್ಮಾ ಮುದ್ದೇಬಿಹಾಳದಾಕಿ,” ಎಂದು ಸಗೀರಾ ನಕ್ಕರು. “ಮುಂಬೈನಾಗ ಹುಟ್ಟಿದ್ರೂ ಬೈಸ್ಕೊಂಡದ್ದೆಲ್ಲ ಈ ಭಾಷಾದಾಗ.”

ಗುರಲಿಂಗಪ್ಪ ಉಸಿರು ಬಿಟ್ಟ. ನಡುವೆ ತರ್ಜುಮೆ ಮಾಡಿ ಮಾತು ತಿರುಗಿಸುವ ಯೋಚನೆಯೊಂದು ಕೈತಪ್ಪಿತ್ತು, ಅಷ್ಟೇ. ಹೇಗೆ ಕೇಳಿದರೂ ಹುಡುಗಿಯರ ಬಾಯಲ್ಲಿ ಉತ್ತರ ಸಿದ್ಧವಿತ್ತು.

ಸಗೀರಾ ಮೊದಲು ಕುಪ್ಪಸವನ್ನು ಒಳಮೈ ಹೊರಗೆ ಮಾಡಿ ನೋಡಿದರು. ಗೋಪುರದ ಮೇಲೆ ಉಗುರಾಡಿಸಿದರು. “ಒಳಗ ಹೊರಗ ಒಂದ ಥರ ಐತಿ. ಇಂಥದು ಎಲ್ಲೂ ಕಂಡಿಲ್ಲ.”

“ನಮ್ಮಲ್ಲಿ ಎಲ್ಲಾ ಹಂಗರೀ,” ಎಂದ ಗುರಲಿಂಗಪ್ಪ.

ಪಡಸಾಲೆಯಲ್ಲಿ ಐವರು ಮುತ್ತೈದೆಯರು ಕೌದಿಗಳ ಮೇಲೆ ಸಾಲಾಗಿ ಕುಳಿತಿದ್ದರು. ಹಣೆಯ ತುಂಬ ಕುಂಕುಮ, ಕೆನ್ನೆಗೆ ಅರಿಸಿನ, ಮೊಣಕೈವರೆಗೆ ಹಸಿರು ಬಳೆ. ಸಗೀರಾ ಬಾಗಿಲಲ್ಲೇ ನಿಂತರು. “ಭಾಳ ಸಣ್ಣ ಕಾಣತಾರಲ್ಲ?”

ಈ ಪ್ರಶ್ನೆಗಾಗಿಯೇ ಅವನು ಕಾದಿದ್ದ. ದನಿ ತಗ್ಗಿಸಿದ. “ಬರದಾಗ ಬೆಳದ ಜೀವರೀ ಮೇಡಂ. ಉಣ್ಣೂ ವಯಸ್ಸಿನ್ಯಾಗ ಕೂಳ ಸಿಗಲಿಲ್ಲ. ಎತ್ತರ ಎಲ್ಲಿಂದ ಬರಬೇಕು?”

ಮೇಡಂ ಮುಖ ಮೆತ್ತಗಾಯಿತು. ಬರಗಾಲ ಮುಗಿದು ಮೂರ್ನಾಲ್ಕು ವರ್ಷವಷ್ಟೇ ಆಗಿತ್ತು. ಆ ಮಾತನ್ನು ಅಲ್ಲಗಳೆಯುವ ಎದೆ ಯಾರಿಗೂ ಇರಲಿಲ್ಲ. ಹೊತ್ತು ನೋಡಿದಂತೆ ತೊಟ್ಟಿಲಲ್ಲಿ ಕೂಸು ಅತ್ತಿತು. ಗುಂಡವ್ವ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಕೂಸನ್ನೆತ್ತಿ ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟಿದಳು. ಅವನು ಕಲಿಸದ ಒಂದು ನಿಟ್ಟುಸಿರನ್ನೂ ಬಿಟ್ಟಳು. ಗುರಲಿಂಗಪ್ಪನಿಗೆ ಅವಳ ಪಗಾರ ಹೆಚ್ಚಿಸುವ ಮನಸ್ಸು ಬಂದು ಹೋಯಿತು.

ಒಳಗೆ ಸೆಕೆ ಇದ್ದದ್ದರಿಂದ ಚಹಾ ಕಟ್ಟೆಗೆ ಬಂತು. ಸಗೀರಾ ಎಲ್ಲರನ್ನೂ ಅಲ್ಲಿಗೇ ಕರೆದರು. ಸೀರೆಯಲ್ಲಿ ನಡೆಯುವುದೇ ಅವನ ಯೋಜನೆಯ ತೆಳ್ಳಗಿನ ಜಾಗ. ಅದೂ ಹರಿಯಲಿಲ್ಲ. ಐವರೂ ನಿರಿಗೆ ಹಿಡಿದು, ಓಡದೆ, ಜಿಗಿಯದೆ, ಹೊಸಿಲು ದಾಟಿ ಬಂದು ಹಲಗೆಯ ಕೆಳಗೆ ಕುಳಿತರು. ಶಂಕ್ರೆವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಸಗೀರಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಳ್ಳುತ್ತ, “ಇಂಡಿಯೊಳಗ ಮಲಿಕಸಾಬರ ಕೆಲಸಾನೂ ನೋಡಿ ಬಂದೆ. ಈ ಕೈ ಅಲ್ಲಿಲ್ಲ,” ಎಂದರು.

ಅಷ್ಟಕ್ಕೇ ಎಲ್ಲ ಮುಗಿದಿತ್ತು. ಆಮೇಲಿನದು ಬಸ್ಸು ಬರುವವರೆಗಿನ ಹರಟೆ. ಹತ್ತಿರ ಕುಳಿತ ಸುಂದರವ್ವನ ಕಡೆ ತಿರುಗಿ ಸಗೀರಾ ಕೇಳಿದರು, “ಅಕ್ಕಾ, ನಿಮ್ಮ ಯಜಮಾನ್ರ ಹೆಸರೇನ್ರಿ?”

“ಅಯ್ಯ, ಹೋಗ್ರಿ,” ಎಂದು ಸುಂದರವ್ವ ಸೆರಗನ್ನು ಮೂಗಿನವರೆಗೆ ಎಳೆದಳು.

“ಹೇಳಬೇಕು ನೋಡ್ರಿ. ಬಿಡಾಕಿ ಅಲ್ಲ ನಾ.”

ಸುಂದರವ್ವ ನಕ್ಕಳು, ನೆಲ ನೋಡಿದಳು, ಕಾಲ ಹೆಬ್ಬೆರಳಿನಿಂದ ಕಟ್ಟೆ ಗೀರಿದಳು. ಕಡೆಗೆ ಗೋಡೆಯ ಕಡೆ ಮುಖ ಮಾಡಿ, ಹೆಸರನ್ನು ಪದದೊಳಗೆ ಅಡಗಿಸಿ, ಒಂದೇ ಉಸಿರಿಗೆ ಒಡಪು ಹಾಕಿದಳು: “ಡೋಣಿ ಸಾಲಿನ ಜ್ವಾಳಕ್ಕ ಹಾಲು ತುಂಬ್ಯಾವ, ಸೋಮನಿಂಗರಾಯರು ಬರೂ ಹಾದಿಗಿ ನನ್ನ ಕಣ್ಣು ತುಂಬ್ಯಾವ.”

ಸಗೀರಾ ಚಪ್ಪಾಳೆ ತಟ್ಟಿದರು. “ನಮ್ಮ ಅಮ್ಮಾನ ನೆನಪಾತ್ರಿ.” ಗುರಲಿಂಗಪ್ಪನಿಗೆ ಮಾತ್ರ ಕಸಿವಿಸಿಯಾಯಿತು. ಒಂದು ಹೆಸರು ಹೇಳಲು ಇಷ್ಟು ಒದ್ದಾಟವೇ? ನಲವತ್ತು ದಾಟಿದವಳು ಹೀಗೆ ತಡವರಿಸಿದರೆ ಸಂಶಯ ಬರುವುದಿಲ್ಲವೇ? ಇವಳಿಗೂ ನಾಲ್ಕು ದಿನ ಪಾಠ ಹೇಳಬೇಕಿತ್ತು. ಪುಣ್ಯಕ್ಕೆ ಮೇಡಂ ಈಗ ಗುಂಡವ್ವನ ಕಡೆ ತಿರುಗಿದ್ದರು. “ನೀ ಹೇಳವಾ, ತಂಗಿ. ನಿನ್ನ ಯಜಮಾನ್ರು?”

ಗುಂಡವ್ವ ಕೂಸನ್ನು ಪಕ್ಕದವಳ ತೊಡೆಗಿಟ್ಟು ಎದ್ದು ನಿಂತು, ಎರಡೂ ಕೈ ಇಳಿಬಿಟ್ಟು, ಓಣಿಯ ಆ ತುದಿಗೆ ಕೇಳುವಂತೆ “ಅಮೋಘಸಿದ್ಧ, ರೀ” ಎಂದಳು; ಅವಳ ಹಿಂದೆಯೇ ಉಳಿದ ನಾಲ್ವರೂ ಒಬ್ಬರಾದ ಮೇಲೊಬ್ಬರು ಎದ್ದು, ನಾಚದೆ ತಡವರಿಸದೆ, ತಂತಮ್ಮ ಗಂಡಂದಿರ ಹೆಸರನ್ನು ಹಾಜರಿ ಹೇಳಿದಂತೆ ಹೇಳಿ ಕುಳಿತರು. ಗುರಲಿಂಗಪ್ಪ ಹೆಮ್ಮೆಯಿಂದ ಸುತ್ತ ನೋಡಿದ. ಸುಂದರವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದಳು. ಸಗೀರಾ ಅವರ ಚಹಾದ ಬಸಿ ತುಟಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತ್ತು. ಅವರು ಅದನ್ನು ಕೆಳಗಿಟ್ಟು, ಐದು ಮುಖಗಳನ್ನೂ ಒಂದೊಂದಾಗಿ ನೋಡಿ, ಗುಂಡವ್ವನನ್ನು ಹತ್ತಿರ ಕರೆದು, “ಎಷ್ಟನೇತ್ತೆಗಿ ಸಾಲಿ ಬಿಟ್ಟಿ, ಮಗಾ?” ಎಂದರು. “ಮೂರರಾಗ ರೀ,” ಎಂದಳು ಗುಂಡವ್ವ, ಅದೂ ಅಷ್ಟೇ ಸ್ಪಷ್ಟವಾಗಿ. ತನ್ನ ಹೊಲಿಗೆ ಎಲ್ಲಿ ಬಿಚ್ಚಿತೆಂದು ಗುರಲಿಂಗಪ್ಪನಿಗೆ ಇನ್ನೂ ತಿಳಿದಿರಲಿಲ್ಲ. ಆಗ ಸಗೀರಾ ಬಾಗಿಲ ಕಡೆ ತಿರುಗಿ, “ಅಕ್ಕಾ, ನಿಮ್ಮ ಮನಿಯವರ ಹೆಸರೇನ್ರಿ?” ಎಂದು ಶಂಕ್ರೆವ್ವನನ್ನು ಕೇಳಿದರು. ಅಂತೂ ಅವಳನ್ನು ಯಾರೋ ಒಬ್ಬರು ಕೇಳಿದ್ದರು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗಂಡನತ್ತ ನೋಡದೆ, ಎಂದಿನಂತೆ ಮೇಲಿನ ಹಲಗೆಗೆ ಬೆರಳು ಮಾಡಿದಳು. ಬೆಲ್ಲದ ಕಾಗದವನ್ನೂ ಬಿಡದೆ ಓದುವವಳು ಅಷ್ಟು ದೊಡ್ಡ ಹಳದಿ ಅಕ್ಷರಗಳನ್ನು ಇಷ್ಟು ವರ್ಷದ ಸಂಸಾರದಲ್ಲಿ ಒಮ್ಮೆಯೂ ಬಾಯಿಬಿಟ್ಟು ಓದಿರಲಿಲ್ಲ ಎಂಬುದು ಗುರಲಿಂಗಪ್ಪನಿಗೆ ಆಗ ನೆನಪಾಯಿತು.